ನಾಲ್ಕಕ್ಕೆ ಎರಡು

2025ರ ಬೇಸಿಗೆ ರಜೆಯಲ್ಲಿ ನಾನೂ ಇವರೂ ಟೊರಾಂಟೊದ ಮಗಳ ಮನೆಗೆ ಹೋಗಿದ್ದೆವು. ಆರು ವರ್ಷದ ಮೊಮ್ಮಗಳಿಗೆಂದು ತೀರ್ಥಹಳ್ಳಿಯಿಂದ ಹಪ್ಪಳ ಸಂಡಿಗೆಯ ಜೊತೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನೂ ಕಟ್ಟಿಕೊಂಡು ಹೋಗಿದ್ದೆ. "ಒಂದೂರಲ್ಲಿ ಒಂದು ಕಾಗೆ..." ಎಂದು ಶುರು ಮಾಡಿದರೆ ಮಗು ರಿಮೋಟಿನ ಕಡೆ ನೋಡಿತು. ಅಜ್ಜಿಗೂ ಟೀವಿಗೂ ಪೈಪೋಟಿ. ಗೆದ್ದವರು ಯಾರೆಂದು ಹೇಳಬೇಕಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ, ಈ ದೇಶಕ್ಕೇ ಇದೇ ಚಿಂತೆ" ಎಂದಳು ಮಗಳು.

ನಿಜವೇ. ಪಕ್ಕದ ಮನೆಯ ಒಗ್ಗರಣೆ ಘಾಟಿನ ಹಾಗೆ ಅಮೆರಿಕದ ಹಾಡು, ಸಿನಿಮಾ ಕೆನಡಾದೊಳಕ್ಕೆ ನುಗ್ಗುತ್ತವೆ. ಅದಕ್ಕೇ 1971ರಲ್ಲಿ ರೇಡಿಯೋದವರು ನೂರಕ್ಕೆ 30 ಹಾಡಾದರೂ ಸ್ವದೇಶದ್ದು ಹಾಕಬೇಕೆಂದು ನಿಯಮ ಮಾಡಿದರಂತೆ. ಸ್ವದೇಶದ್ದೆನ್ನಲು ನಾಲ್ಕು ಅಂಕದ ಪರೀಕ್ಷೆ: ರಾಗ, ಗಾಯಕರು, ಧ್ವನಿಮುದ್ರಣದ ಜಾಗ, ಸಾಹಿತ್ಯ. ಎರಡು ಬಂದರೆ ಪಾಸು! ಮೂವತ್ತು ವರ್ಷ ಪೇಪರು ತಿದ್ದಿದ ನನಗೆ ನಗು ಬಂತು. ಅವರದೇ ಹೆಸರಾಂತ ಗಾಯಕ ಬ್ರಯಾನ್ ಆಡಮ್ಸ್ 1991ರಲ್ಲಿ ಹೊರದೇಶದವರೊಬ್ಬರ ಜೊತೆ ಸೇರಿ ಹಾಡು ಕಟ್ಟಿ ಫೇಲಾದರಂತೆ! ಆಮೇಲೆ ನಿಯಮವನ್ನೇ ತಿದ್ದಿದರು.

2023ರಲ್ಲಿ ಇಂಟರ್ನೆಟ್ಟಿನ ಸಿನಿಮಾ, ಹಾಡಿನ ಕಂಪನಿಗಳಿಗೂ ಕಾಯಿದೆ ಬಂತು. 2024ರಲ್ಲಿ, ದೊಡ್ಡ ಕಂಪನಿಗಳು ಅಲ್ಲಿನ ಆದಾಯದಲ್ಲಿ ಶೇ. 5ರಷ್ಟನ್ನು ಸ್ವದೇಶಿ ಕಾರ್ಯಕ್ರಮಗಳಿಗೆ ಕೊಡಬೇಕೆಂದು ಆದೇಶವಾಯಿತು. ಕಂಪನಿಗಳು ಕೋರ್ಟಿಗೆ ಹೋದವು.

ನನಗೆ ಆಗುಂಬೆ ನೆನಪಾಯಿತು. ಶಂಕರ್‌ನಾಗ್ ಅಲ್ಲಿ ತೆಗೆದ 'ಮಾಲ್ಗುಡಿ ಡೇಸ್' 1986ರ ಸುಮಾರಿಗೆ ದೂರದರ್ಶನದಲ್ಲಿ ಬಂತು. ಮಳೆ ನಮ್ಮದು, ಮನೆ ನಮ್ಮದು, ನಟರಲ್ಲಿ ಎಷ್ಟೋ ಜನ ನಮ್ಮವರು; ಮಾತು ಮಾತ್ರ ಹಿಂದಿ. "ನಮ್ಮ ಜಗಲಿಯಲ್ಲೇ ಕೂತು ನಮಗೆ ತಿಳಿಯದ ಹಾಗೆ ಮಾತಾಡ್ತಾರಲ್ಲೇ" ಎಂದಿದ್ದಳು ಅಮ್ಮ. ಸರ್ಕಾರದ ಅಂಕಪಟ್ಟಿಯಲ್ಲಿ ಅದು ಪಾಸಾಗುತ್ತಿತ್ತೇನೋ. ಅಮ್ಮನ ಪಟ್ಟಿಯಲ್ಲಿ?

ಕಾಯಿದೆ ಬೇಡವೆನ್ನಲಾರೆ. ಅಂಗಡಿಯಲ್ಲಿ ನಮ್ಮ ಸಾಮಾನಿಗೂ ಒಂದು ಕಪಾಟು ಬೇಕು. ಆದರೆ ಕೆನಡಾದ ಯಾವ ಕಾಯಿದೆಗೂ ಗುಬ್ಬಕ್ಕ ಗೊತ್ತಿಲ್ಲ. ಹಾಗಾಗಿ ನಾನೇ ಮನೆಯಲ್ಲೊಂದು ನಿಯಮ ಮಾಡಿದೆ: ರಾತ್ರಿ ಹತ್ತು ನಿಮಿಷ ಟೀವಿ ಬಂದ್, ಕನ್ನಡದ ಕಥೆ. ಎರಡು ದಿನ ರಂಪ. ಮೂರನೆಯ ದಿನ ಮಗು ಸುಮ್ಮನೆ ಕೂತಿತು.

ಹೊರಡುವ ಹಿಂದಿನ ರಾತ್ರಿ ನಾನು ಬಚ್ಚಲಿನಲ್ಲಿದ್ದೆ. ಬಾಗಿಲು ಬಡಿದ ಸದ್ದು. ಹೊರಗಿನಿಂದ ಪುಟ್ಟ ದನಿ: "ಗುಬ್ಬಕ್ಕಾ, ಪ್ಲೀಸ್, ಡೋರ್ ತೆಗಿ!"

ನಾಲ್ಕು ಮಾತು, ಎರಡು ಕನ್ನಡ. ಪಾಸು ಮಾಡಿ ಬಾಗಿಲು ತೆಗೆದೆ.