ನಾನು ಹಾಡದ ಎರಡು ವರುಷ

ನಮ್ಮೂರ ವಾಚನಾಲಯದ ಮಾಸ್ತರರು ಮನೆಗೆ ಬಂದು, "ಅಕ್ಕಾರ, ಪುಸ್ತಕಕ್ಕ ನಿಮ್ಮ ಹಾಡಿನ ಬಗ್ಗೆ ಒಂದು ಲೇಖನ ಬರದು ಕೊಡ್ರಿ" ಅಂದರು. ನಾನು ಕಲಿತದ್ದು ಏಳನೇ ಇಯತ್ತೆ. ಬೀಸುವ ಪದ, ಸೋಬಾನ ಪದ, ಕುಬಸದ ಹಾಡು ಬಾಯಿಲೆ ಬರತಾವ, ಕೈಲೆ ಬರೂದಿಲ್ಲ ಅಂದೆ. ಅವರು ಬಿಡಲಿಲ್ಲ. ನಾನು ಹಾಡಿದ ಸುದ್ದಿ ಎಲ್ಲರಿಗೂ ಗೊತ್ತೈತಿ. ಅದಕ್ಕೆ ಹಾಡದೇ ಇದ್ದ ಎರಡು ವರುಷದ ಸುದ್ದಿ ಬರೆಯುತ್ತೇನೆ. ಇದರೊಳಗೆ ಹೆಂಗಸರ ಮುಟ್ಟಿನ ಮಾತು ಬರುತ್ತದೆ. ಗಂಡಸರು ಪುಟ ಹೊಳ್ಳಿಸಿ ಹೋಗಬ್ಯಾಡ್ರಿ. ನಿಮ್ಮ ಮನೆಯೊಳಗೂ ಅವ್ವ ಅದಾಳ, ಹೆಂಡತಿ ಅದಾಳ.

2012ರ ಬರ ಜತ್ತ ತಾಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಾವಿ ಬತ್ತಿತ್ತು, ದಾಳಿಂಬರಿ ಗಿಡ ನಿಂತಲ್ಲೇ ಒಣಗಿದ್ದವು. ನಮ್ಮ ಎರಡು ಎಮ್ಮಿ, ಒಂದು ಆಕಳು ಮೇವಿನ ಛಾವಣಿಯೊಳಗೆ ಇದ್ದವು. ಆಗ ನನಗೆ 49 ವರುಷ. ಮುಟ್ಟು ಹಳಿ ತಪ್ಪಿತ್ತು. ಒಮ್ಮೆ ಎರಡು ತಿಂಗಳು ಬರುತ್ತಿರಲಿಲ್ಲ, ಒಮ್ಮೆ ಹದಿನೈದು ದಿನಕ್ಕೇ ಬಂದು ಬಿಡುತ್ತಿತ್ತು. ವಯಸ್ಸಾತು, ನಿಲ್ಲೂ ಕಾಲ ಬಂತು ಅಂತ ಸುಮ್ಮನಿದ್ದೆ.

ಆ ಬ್ಯಾಸಗಿಯೊಳಗೆ ಒಂದು ಮದುವೆ. ಆರತಿ ತಾಟು ಹಿಡಿದು ಸೋಬಾನ ಎತ್ತಿದೆ. ಎರಡನೇ ನುಡಿಗೆ ಕುತ್ತಿಗೆಯಿಂದ ಬೆಂಕಿ ಎದ್ದಂಗಾಗಿ ಮೈಯೆಲ್ಲಾ ಬೆವರು ಇಳಿಯಿತು. ಎದಿ ಧಡಧಡ ಹೊಡಕೊಳ್ಳಾಕ ಹತ್ತಿತು. ಕೈ ನಡುಗಿ ತಾಟಿನ ದೀಪ ಅಲುಗಿತು. ಈಗ ಇಲ್ಲೇ ಸಾಯತೀನಿ ಅನಿಸಿತು. ತಾಟು ಪಕ್ಕದಾಕಿ ಕೈಯಾಗ ಕೊಟ್ಟು ಹಿತ್ತಲಕ್ಕೆ ಹೋಗಿ ಕೂತೆ. "ಅಕ್ಕಗ ದೃಷ್ಟಿ ಆಗೈತಿ" ಅಂದರು. ನಲವತ್ತು ವರುಷ ಹಾಡಿದಾಕಿ ನಾನು, ನಡು ಹಾಡಿನೊಳಗೆ ಎಂದೂ ನಿಂತಾಕಿ ಅಲ್ಲ.

ಅಂದಿನಿಂದ ಸುರು. ರಾತ್ರಿ ಎರಡಕ್ಕೆ ಎಚ್ಚರ ಆದರೆ ಹಾಸಿಗೆ ತೊಯ್ದಿರುತ್ತಿತ್ತು. ಮಗ ಗಾಡಿ ತಗೊಂಡು ಹೊಂಟರೆ ಅಂಜಿಕೆ, ಫೋನು ಬಡಿದರೆ ಅಂಜಿಕೆ, ಎಮ್ಮಿ ಒದರಿದರೂ ಅಂಜಿಕೆ. ಏನಕ್ಕ ಅಂಜತಿ ಅಂತ ಕೇಳಿದರೆ ಹೇಳಾಕ ಏನೂ ಇಲ್ಲ. ಹಾಡಾಕ ಕರೆಯಲು ಬಂದವರಿಗೆ "ದನಿ ಕಟ್ಟೈತಿ" ಅಂತ ಸುಳ್ಳು ಹೇಳಿ ಕಳಿಸುತ್ತಿದ್ದೆ.

ನಮ್ಮ ಮನೆಯವರು ಕೆಟ್ಟವರಲ್ಲ. ಆದರೂ, "ಬರ ಎಲ್ಲಾರಿಗೂ ಬಂದೈತಿ, ನಿನಗೊಬ್ಬಾಕಿಗೇ ಏನ?" ಅಂದರು. ದೇವರಿಗೆ ಹೋಗಿ ದಾರ ಕಟ್ಟಿಸಿದೆವು. ಒಬ್ಬ ಡಾಕ್ಟರರು ಅಶಕ್ತತನ ಅಂತ ಸೂಜಿ ಮಾಡಿ ಸಲಾಯಿನ್ ಹಚ್ಚಿದರು. ನಾಕು ದಿನ ಹಗುರ, ಐದನೇ ದಿನ ಅದೇ ಹಾಡು. ಮುಂದೆ ಮಳೆ ಬಿತ್ತು. ಛಾವಣಿಯಿಂದ ದನ ಮನೆಗೆ ಬಂದವು, ಬಾವಿಗೆ ನೀರು ಬಂತು. ನನ್ನ ಅಂಜಿಕೆ ಮಾತ್ರ ಹೋಗಲಿಲ್ಲ. ಇದು ಬರದ ಚಿಂತೆ ಅಲ್ಲ ಅನ್ನೋದು ಆಗ ಖಾತ್ರಿ ಆತು.

ಆ ದಿನಗಳಲ್ಲಿ ನನ್ನ ಹಡದವ್ವ ಬಾಳ ನೆನಪಾಗುತ್ತಿದ್ದಳು. ನನಗೆ ಪದ ಕಲಿಸಿದಾಕಿ ಆಕಿನೇ. ನಾನು ಎರಡು ಮಕ್ಕಳ ತಾಯಿ ಆಗಿದ್ದಾಗ ತವರಿಗೆ ಹೋದರೆ ಅವ್ವ ಕಂಬ ಹಿಡಿದು ಕೂತು, "ಎದಿ ಹಾರತೈತಿ, ಜೀವ ಕಳವಳ ಆಗತೈತಿ" ಅನ್ನುತ್ತಿದ್ದಳು. ಮನೆಯವರು ಗಾಳಿ ಅಂದರು, ಐದು ಶುಕ್ರವಾರ ಗುಡಿಯೊಳಗೆ ಕೂಡಿಸಿದರು. ನಾನು, "ಬೇ, ಸೋಗು ಹಾಕಬ್ಯಾಡ, ಎದ್ದು ರೊಟ್ಟಿ ಮಾಡು" ಅಂದಿದ್ದೆ. ಅವ್ವ ಮಾತಾಡದೆ ಎದ್ದು ರೊಟ್ಟಿ ಮಾಡಿದಳು. ಆಮೇಲೆ ಸಾಯೂತನಕ ಆಕಿ ಹಾಡಿದ್ದು ನಾನು ಕೇಳಲಿಲ್ಲ. ವಯಸ್ಸಾತು, ಬಿಟ್ಟಾಳ ಅಂದುಕೊಂಡಿದ್ದೆ.

ಒಂದು ಸಂಜೆ ನಾನು ಬಾವಿ ದಂಡೆಗೆ ಬಾಳ ಹೊತ್ತು ನಿಂತಿದ್ದೆ. ಯಾಕ ನಿಂತಿದ್ದೆ ಅಂತ ಬರೆಯುವುದಿಲ್ಲ. ಸೊಸಿ ಬಂದು ಕೈ ಹಿಡಿದು ಮನೆಗೆ ಕರಕೊಂಡು ಹೋದಳು. "ಅತ್ತಿ, ನಾಳೆ ದವಾಖಾನಿಗೆ ಹೋಗೂಣ್ರಿ" ಅಂದಳು.

ಅದಕ್ಕೂ ಮೊದಲೇ ಒಮ್ಮೆ ನಮ್ಮ ಮನೆಯವರ ಜೋಡಿ ಒಂದು ದವಾಖಾನಿಗೆ ಹೋಗಿ ಬಂದಿದ್ದೆ. ಅಲ್ಲಿ ಎಲ್ಲಾ ಮರಾಠಿ. ನರ್ಸಬಾಯಿ, "ಮಾವಶಿ, ಪಾಳಿ ಯೇತೇ ಕಾ?" ಅಂತ ಕೇಳಿದ್ದಳು. ನಮ್ಮ ಮಾತಿನೊಳಗೆ ಪಾಳಿ ಅಂದರೆ ಸರದಿ. ಮರಾಠಿಯೊಳಗೆ ಮುಟ್ಟಿಗೂ ಪಾಳಿ ಅನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಆ ಘಾಬರಿಯೊಳಗೆ ಹೊಳೆಯಲಿಲ್ಲ. "ಆಲೀ, ಮ್ಹಣೂನಚ್ ಆತ ಆಲೆ" ಅಂದೆ. ನನ್ನ ಪಾಳಿ ಬಂತು, ಅದಕ್ಕೇ ಒಳಗ ಬಂದೀನಿ ಅಂತ. ಆಕಿ ಮುಟ್ಟು ದರ ತಿಂಗಳು ಸರಿ ಬರತೈತಿ ಅಂತ ಬರಕೊಂಡಳು. ಎದಿ ಪಟ್ಟಿ ತೆಗೆದರು, ಎದಿ ಸರಿ ಐತಿ ಅಂತ ಹೊಳ್ಳಿ ಕಳಿಸಿದರು.

ಸೊಸಿ ಹನ್ನೆರಡನೇತ ಕಲಿತಾಕಿ. ಆ ಹಳೇ ಕಾಗದ ಓದಿ, "ಅತ್ತಿ, ನಿಮಗ ನಾಕು ತಿಂಗಳಾತು ಹೊರಗಾಗಿ. ಇದರಾಗ ದರ ತಿಂಗಳು ಆಗತೈತಿ ಅಂತ ಬರದಾರಲ್ಲ?" ಅಂದಳು. ನಡೆದದ್ದು ಹೇಳಿದೆ. ಇಬ್ಬರೂ ಬಸ್ ಸ್ಟ್ಯಾಂಡಿನೊಳಗೆ ಕೂತು ನಕ್ಕೆವು. ಎಷ್ಟೋ ತಿಂಗಳಿಗೆ ನಾನು ನಕ್ಕಿದ್ದು ಅದೇ.

ಈ ಸಲ ಮಿರಜಿಗೆ ಹೋದೆವು. ಡಾಕ್ಟರಬಾಯಿ ಮೊದಲು ರಕ್ತ ತಪಾಸಿಸಿದರು. ಥೈರಾಯ್ಡ್, ಸಕ್ಕರಿ, ಬಿಪಿ ಎಲ್ಲಾ ನೋಡಿದರು. ಥೈರಾಯ್ಡ್ ಕೆಟ್ಟರೂ, ರಕ್ತ ಕಡಿಮೆ ಆದರೂ ಎದಿ ಹಿಂಗೇ ಹಾರತೈತಂತ. ನನಗೆ ರಕ್ತ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣದ ಗುಳಿಗೆ ಬರೆದರು. ಉಳಿದದ್ದು ಸರಿ ಇತ್ತು. ಆಮೇಲೆ ತಿಳಿಸಿ ಹೇಳಿದರು. ಮುಟ್ಟು ನಿಲ್ಲುವ ಮುಂಚಿನ ಕೆಲವು ವರುಷ ಮೈಯೊಳಗಿನ ಹಾರ್ಮೋನು ಏರಿಳಿತ ಮಾಡತಾವ. ಅದರಿಂದ ಮೈ ಕಾಯುವುದು, ಬೆವರು, ನಿದ್ದಿ ಕೆಡುವುದು, ಕೆಲವರಿಗೆ ಅಂಜಿಕೆ. ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ಪೂರಾ ನಿಂತಿತು ಅಂತ ಲೆಕ್ಕ. ಹಾರ್ಮೋನಿನ ಗುಳಿಗೆಯೂ ಇರತಾವ, ಆದರೆ ಎಲ್ಲರಿಗೂ ಕೊಡಾಕ ಬರೂದಿಲ್ಲ. ಮೊಲೆಯ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ಬ್ಯಾನಿ ಇದ್ದವರಿಗೆ ಅದು ಧೋಕಾ. "ನಿಮಗ ಅಂಜಿಕೆ ಬಾಳ ಐತಿ, ಮನಸ್ಸಿನ ಡಾಕ್ಟರರನ್ನ ನೋಡ್ರಿ" ಅಂತ ಚೀಟಿ ಕೊಟ್ಟರು.

"ಹುಚ್ಚರ ಡಾಕ್ಟರ ಕಡೆ ಯಾಕ? ಊರಾಗ ಗೊತ್ತಾದರ?" ಅಂದರು ನಮ್ಮ ಮನೆಯವರು. ಸೊಸಿ ದನಿ ಏರಿಸದೆ, "ಮಾವಾರ, ಬಾವಿ ದಂಡಿಗೆ ನಿಂತದ್ದು ಊರಿಗೆ ಗೊತ್ತಾದರ ನಡೀತೈತೇನ್ರಿ?" ಅಂದಳು. ಅವರು ಮಾತಾಡಲಿಲ್ಲ. ಮರುದಿನ ತಾವೇ ಬಸ್ಸಿಗೆ ಹತ್ತಿಸಿದರು.

ಆ ಡಾಕ್ಟರರು ದಿನಕ್ಕೊಂದು ಸಣ್ಣ ಗುಳಿಗೆ ಕೊಟ್ಟರು. ಇದು ತಲೆನೋವಿನ ಗುಳಿಗೆಯಂಗ ಅಲ್ಲ, ಎರಡು ಮೂರು ವಾರ ಹಿಡಿತೈತಿ ಅಂತ ಮೊದಲೇ ಹೇಳಿದ್ದರು. ಮೊದಲ ವಾರ ಹೊಟ್ಟಿ ತೊಳಸಿತು, ಬಿಟ್ಟುಬಿಡೂಣು ಅನಿಸಿತು. ಸೊಸಿ ಬಿಡಗೊಡಲಿಲ್ಲ. ನಾಕನೇ ವಾರಕ್ಕೆ ರಾತ್ರಿ ಪೂರಾ ನಿದ್ದಿ ಬಂತು. ಆರಾಮಾತು ಅಂತ ಐದನೇ ತಿಂಗಳಿಗೆ ನಾನೇ ಗುಳಿಗೆ ನಿಲ್ಲಿಸಿದೆ. ತಲೆ ಗರಗರ ತಿರುಗಿತು, ಅಂಜಿಕೆಯೂ ಹೊಳ್ಳಿ ಬಂತು. ಡಾಕ್ಟರರು, "ಬಿಡೂದೂ ನಾವು ಹೇಳಿದಂಗ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಬಿಡಬೇಕು" ಅಂದರು. ಒಟ್ಟು ಒಂದೂವರೆ ವರುಷ ತಗೊಂಡೆ, ಅವರು ಹೇಳಿದಂಗ ಬಿಟ್ಟೆ. ಮುಟ್ಟು 51ಕ್ಕೆ ಪೂರಾ ನಿಂತಿತು.

ಬರೇ ಗುಳಿಗೆಯಿಂದ ಅಲ್ಲ. ಹೊತ್ತು ಏರೂದಕ್ಕಿಂತ ಮೊದಲು ನಡೆಯಬೇಕು, ರಾತ್ರಿ ಚಹಾ ಬಿಡಬೇಕು, ಎಂಟು ದಿನಕ್ಕೊಮ್ಮೆ ಯಾರ ಮುಂದಾದರೂ ಮನಸ್ಸಿನ ಮಾತು ಆಡಬೇಕು ಅಂದಿದ್ದರು. ಶುಕ್ರವಾರದ ಭಜನೆ ಮುಗಿದ ಮೇಲೆ ಒಂದಿನ ಹೆಂಗಸರ ಮುಂದೆ ಬಾಯಿ ಬಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಾಕಿ, "ಯಕ್ಕಾ, ನನಗೂ ಹಂಗ ಆಗತೈತಿ" ಅಂದಳು. ಅಷ್ಟರೊಳಗೆ ಇನ್ನೊಬ್ಬಾಕಿ. ಆ ರಾತ್ರಿ ಮನೆಗೆ ಹೋಗಾಕ ಹನ್ನೊಂದು ಆತು.

ಹಾಡು ಯಾವಾಗ ಹೊಳ್ಳಿ ಬಂತು ಅಂತ ದಿನ ಹೇಳಲಾರೆ. ಒಂದು ಮಧ್ಯಾಹ್ನ ಶೇಂಗಾ ಒಡೆಯುತ್ತಾ ಅವ್ವನ ಒಂದು ಬೀಸುವ ಪದ ಬಾಯಿಗೆ ಬಂದಿತ್ತು. ನನಗೇ ಗೊತ್ತಾಗಿರಲಿಲ್ಲ. ಸೊಸಿ ಏನೂ ಅನ್ನದೆ ಟಿವಿ ದನಿ ಸಣ್ಣದು ಮಾಡಿದಳು. ಆಗ ಗೊತ್ತಾತು.

ಈಗ ನಮ್ಮ ಊರ ಆಶಾ ತಾಯಿ ಇಂಥ ಹೆಂಗಸರನ್ನು ಕರಕೊಂಡು ಹೋಗುವಾಗ ನನ್ನನ್ನೂ ಕರೆಯುತ್ತಾಳೆ, ಮಾತು ತಿಳಿಸಿ ಹೇಳಾಕ. ಪಾಳಿ ಅಂದರೆ ಏನು ಅಂತ ಬಸ್ಸಿನೊಳಗೇ ಹೇಳಿಬಿಡತೀನಿ. ಮುಟ್ಟು ನಿಂತು ವರುಷ ಆದ ಮೇಲೆ ಮತ್ತೆ ರಕ್ತ ಕಂಡರೆ ಸುಮ್ಮನಿರಬ್ಯಾಡ್ರಿ, ತಕ್ಷಣ ಡಾಕ್ಟರಿಗೆ ತೋರಿಸ್ರಿ ಅಂತಲೂ ಹೇಳತೀನಿ. ಬಸ್ಸಿಗೆ ಹೋಗಲಾಗದವರಿಗೆ ಸರಕಾರದ ಟೆಲಿ ಮಾನಸ್ ಅಂತ ಫೋನು ಐತಿ, ನಂಬರು 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಾಗ ಬೇಕಂದರೂ ಮಾತಾಡಬಹುದು.

ನಮ್ಮಲ್ಲಿ ಹುಡುಗಿ ಮೈನೆರೆದರೆ ಹಾಡೈತಿ, ಆರತಿ ಐತಿ. ಬಸುರಿಗೆ ಕುಬಸದ ಹಾಡೈತಿ, ಹುಟ್ಟಿದ ಕೂಸಿಗೆ ಜೋಗುಳ ಐತಿ. ಮುಟ್ಟು ನಿಂತಾಕಿಗೆ ಒಂದು ಹಾಡೂ ನನಗೆ ಯಾರೂ ಕಲಿಸಲಿಲ್ಲ. ಅವ್ವಗೂ ಗೊತ್ತಿರಲಿಲ್ಲ. ಆಕಿ ಕಂಬ ಹಿಡಿದು ಕೂತಾಗ ಬಾಜೂಕ ಕೂತು, "ಏನಾಗತೈತಿ ಬೇ?" ಅಂತ ಒಂದು ಮಾತು ಕೇಳಬೇಕಿತ್ತು ನಾನು. ಕೇಳಲಿಲ್ಲ. ನಿಮ್ಮ ಮನೆಯೊಳಗೆ ಯಾರಾದರೂ ಹಂಗ ಕೂತಿದ್ದರೆ ನೀವು ಕೇಳ್ರಿ. ನಮ್ಮ ಮನೆ ಹನುಮಪ್ಪನ ಗುಡಿ ಹಿಂದೆ ಐತಿ, ಅವರನ್ನು ಕರಕೊಂಡು ಬರ್ರಿ. ಶುಕ್ರವಾರ ಬಂದರೆ ಇನ್ನೂ ಛಲೋ.