ಯಾರ ಕಡೆಯವರು?

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ನೆಲಮಂಗಲದ ಆಚೆ ಒಂದು ಲೇಔಟ್. ಕೆಂಪು ಮಣ್ಣು ನಿಮ್ಮ ಚಪ್ಪಲಿಗೆ ಮೆತ್ತಿಕೊಂಡಿದೆ. ಬ್ರೋಕರ್ ಸ್ಕೂಟರಿನ ಸೀಟಿನ ಮೇಲೆ ಜೆರಾಕ್ಸ್ ಕಂತೆ ಹರವುತ್ತಾರೆ. ಗಾಳಿಗೆ ಹಾರದಂತೆ ಒಂದು ಮೂಲೆಗೆ ಮೊಬೈಲು, ಇನ್ನೊಂದಕ್ಕೆ ಕಲ್ಲು.

"ಥರ್ಟಿ ಫಾರ್ಟಿ, ಈಸ್ಟ್ ಫೇಸಿಂಗ್ ಸಾರ್. ಮನೆ ಕಟ್ಟೋದೇ ಬೇಡ, ಸುಮ್ನೆ ಬಿಟ್ಟಿರಿ. ಐದು ವರ್ಷಕ್ಕೆ ಡಬಲ್."

ಚದರಡಿಗೆ 5,000 ರೂಪಾಯಿ. 1,200 ಚದರಡಿಗೆ 60 ಲಕ್ಷ. ಲೆಕ್ಕ ಹಾಕುತ್ತಲೇ ಮೂಲೆಗಲ್ಲಿನ ತನಕ ನಡೆಯುತ್ತೀರಿ. ಅದರಾಚೆ ನೆಲ ಇಳಿಜಾರು. ಮಾರ್ಚ್ ಬಿಸಿಲಿಗೆ ಸುತ್ತಲ ಹುಲ್ಲೆಲ್ಲ ಒಣಗಿದೆ. ಅಲ್ಲಿ ಮಾತ್ರ ಉದ್ದಕ್ಕೂ ಜೊಂಡು ಹಸಿರಾಗಿ ನಿಂತಿದೆ.

"ಅದೇನ್ರೀ ಅಲ್ಲಿ?"

"ಏನಿಲ್ಲ ಸಾರ್, ಮಳೆನೀರು ಹರಿಯೋ ಜಾಗ."

ಗ್ರಾಮ ನಕಾಶೆಯಲ್ಲಿ ಅದೇ ಜಾಗ ರಾಜಕಾಲುವೆ ಆಗಿರಬಹುದು. ಆಗಿದ್ದರೆ ಅಂಚಿನ ಬಫರ್‌ನಲ್ಲಿ ಕಟ್ಟಡ ಏಳುವಂತಿಲ್ಲ. ಕೊಂಡ ಬೆಲೆಗೂ ಕೇಳುವವರಿರುವುದಿಲ್ಲ.

"ನಿಮ್ಮ ಕಮಿಷನ್?"

"ಪದ್ಧತಿ ಸಾರ್. ನಿಮ್ಮಿಂದ ಟೂ ಪರ್ಸೆಂಟ್, ಓನರ್ ಕಡೆಯಿಂದ ಟೂ. ನಂದು ರೇರಾ ರಿಜಿಸ್ಟ್ರೇಷನ್ನೂ ಇದೆ."

2016ರ ರೇರಾ ಕಾಯ್ದೆ ಏಜೆಂಟರ ನೋಂದಣಿ ಕೇಳುತ್ತದೆ, ನಿಜ. ನೋಂದಣಿ ಸಂಖ್ಯೆ ನೋಡಿದರೆ ಅವರು ಯಾರ ಕಡೆಯವರೆಂದು ಗೊತ್ತಾಗುವುದಿಲ್ಲ. ನಿಮ್ಮ ಪಾಲು 1,20,000 ರೂಪಾಯಿ. ವ್ಯವಹಾರ ಮುರಿದರೆ ಅವರಿಗೆ ಬಿಡಿಗಾಸಿಲ್ಲ, ಇವತ್ತಿನ ಪೆಟ್ರೋಲೂ ಕೈಯಿಂದಲೇ. ಕೆಟ್ಟವರೇನಲ್ಲ. ಪಕ್ಕದ ಸೈಟು ಎಷ್ಟಕ್ಕೆ ಹೋಯಿತು, ಓನರ್ ಎಷ್ಟಕ್ಕೆ ಇಳಿಯುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಆದರೆ "ಇದು ಬೇಡ ಸಾರ್" ಎಂದರೆ ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಂಡಂತೆ.

"ಇವತ್ತೇ ಟೋಕನ್ ಕೊಟ್ಬಿಡಿ. ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ."

ಚೆಕ್ ಬುಕ್ಕಿನತ್ತ ಹೊರಟ ಕೈ ಫೋನಿಗೆ ಹೋಗುತ್ತದೆ. ಮೂಲಪತ್ರ, ಭೂಪರಿವರ್ತನೆ ಆದೇಶ, ಖಾತೆ, 13 ವರ್ಷದ ಇಸಿ, ಒಂದೊಂದರದೂ ಫೋಟೋ ತೆಗೆದು ವಕೀಲರಿಗೆ ಕಳಿಸುತ್ತೀರಿ. ಅವರು ಮೊದಲು ಕೇಳುವುದೇ 30 ವರ್ಷದ ಇಸಿ. ಅವರ ಫೀಸು ಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಾಗಾಗಿ "ಬೇಡ" ಅನ್ನಲು ಅವರ ನಾಲಿಗೆಗೆ ಯಾವ ಭಾರವೂ ಇಲ್ಲ.

"ಸೈಟು ಸರಿಯಿದ್ರೆ ನಿಮ್ಮ ಟೂ ಪರ್ಸೆಂಟ್ ಗ್ಯಾರಂಟಿ. ಗ್ರಾಮ ನಕಾಶೆ ತಂದುಕೊಡಿ, ಆಮೇಲೆ ಟೋಕನ್."

"ಆಯ್ತು ಸಾರ್," ಎನ್ನುತ್ತ ಅವರು ಕಂತೆಯನ್ನು ಕವರಿಗೆ ತುರುಕುತ್ತಾರೆ. ಜೊಂಡಿನ ಕಡೆ ಮಾತ್ರ ತಿರುಗಿ ನೋಡುವುದಿಲ್ಲ.