ಗೋಕಾಕ ಫಾಲ್ಸಿನಲ್ಲಿ ನಾಲ್ಕು ದಿವಸ

ಗೋಕಾಕದ ಜಲಪಾತವನ್ನು ನಾನು ಮೊದಲು ಕಂಡದ್ದು ವಿದ್ಯಾರ್ಥಿದೆಸೆಯಲ್ಲಿ. ನಮ್ಮ ಅಕ್ಕನನ್ನು ಆ ಊರಿಗೆ ಕೊಟ್ಟ ಮೇಲೆ ಅಲ್ಲಿಗೆ ಎಷ್ಟು ಸಾರೆ ಹೋಗಿಬಂದೆನೋ ಲೆಕ್ಕವಿಟ್ಟಿಲ್ಲ. ಆದರೆ ಕಳೆದ ಶ್ರಾವಣಮಾಸದಲ್ಲಿ ಅಲ್ಲಿ ಕಳೆದ ನಾಲ್ಕು ದಿವಸಗಳ ವೃತ್ತಾಂತವು ಹಿಂದಿನವುಗಳಂತಲ್ಲ. ಅದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಒಂದು ಸಂಜೆ ಅಕ್ಕನು ಫೋನು ಮಾಡಿದಳು. "ತಮ್ಮಾ, ಹುಡುಗ ಪುಣೆಯಿಂದ ಬಂದಾನ. ಅವರ ಕಂಪ್ಯೂಟರ ಅಟ್ಟದ ಮ್ಯಾಲಿಂದ ಇಳಿಸ್ಯಾನ. ನೀನೂ ಬಂದು ಹೋಗು" ಎಂದಳು. 'ಅವರ' ಎಂದರೆ ನಮ್ಮ ಭಾವನವರ. ಅವರು ಗಿರಣಿಯಲ್ಲಿ ಕಾರಕೂನರಾಗಿದ್ದರು. ನೇಕಾರರು, ಒಕ್ಕಲಿಗರು, ಅಂಬಿಗರು, ಗಿರಣಿಯ ಕೆಲಸಗಾರರು ಇವರ ಬಾಯಲ್ಲಿಯ ಮಾತುಗಳನ್ನು ಕೂಡಿಹಾಕುವದು ಅವರ ಜೀವಮಾನದ ವ್ಯಸನವಾಗಿತ್ತು. 1998ನೆಯ ಇಸವಿಯಲ್ಲಿ ಹರಾಜಿನಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಕೊಂಡು, ಸುಮಾರು 2,000 ಶಬ್ದಗಳನ್ನು ಅರ್ಥಸಹಿತವಾಗಿ ಅದರಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಯಂತ್ರವು ಅಟ್ಟವನ್ನು ಸೇರಿತು. ಕೈಬರಹದ ವಹಿಗಳು ಗೋಕಾಕದ ಪೇಟೆಯಲ್ಲಿ ಅವರ ಸ್ನೇಹಿತರೊಬ್ಬರ ಮನೆಯಲ್ಲಿದ್ದವು. 2019ನೆಯ ಇಸವಿಯ ಅಗಸ್ಟ ತಿಂಗಳಲ್ಲಿ ಘಟಪ್ರಭೆಯ ಮಹಾಪೂರವು ಊರನ್ನು ಹೊಕ್ಕಾಗ ಅವೆಲ್ಲವೂ ನೀರುಪಾಲಾದವು. ಆದ್ದರಿಂದ ಭಾವನವರ ಇಪ್ಪತ್ತು ವರ್ಷಗಳ ಶ್ರಮಕ್ಕೆ ಇನ್ನುಳಿದ ಏಕಮಾತ್ರ ಆಧಾರವು ಆ ಹಳೆಯ ಯಂತ್ರವೇ ಆಗಿತ್ತು.

ಧಾರವಾಡದಿಂದ ಲೋಂಡಾ, ಬೆಳಗಾವಿಗಳ ಮಾರ್ಗವಾಗಿ ಘಟಪ್ರಭಾ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ಸನ್ನು ಹಿಡಿದೆನು. ಮಳೆಯು ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಜಲಪಾತವು ಕಣ್ಣಿಗೆ ಬೀಳುವ ಮುಂಚೆಯೇ ಅದರ ಗಂಭೀರಘೋಷವು ಕಿವಿಗೆ ಬಿದ್ದಿತು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಇಲ್ಲಿ ಕುದುರೆಯ ಲಾಳದ ಆಕಾರದ ಬಂಡೆಯ ಅಂಚಿನಿಂದ ಸುಮಾರು 52 ಮೀಟರು, ಎಂದರೆ 170 ಅಡಿಗಳಷ್ಟು ಕೆಳಗೆ ಧುಮುಕುವದು. ಬೇಸಿಗೆಯಲ್ಲಿ ಬಂದವರಿಗೆ ಬರಿಯ ಕಲ್ಲೇ ಕಾಣುವದು. ಶ್ರಾವಣದಲ್ಲಾದರೋ ಕೆಮ್ಮಣ್ಣಿನ ಬಣ್ಣದ ನೀರು ಅಂಚಿನುದ್ದಕ್ಕೂ ತುಂಬಿ ಬಿದ್ದು, ಕೆಳಗಿನ ಕಮರಿಯಿಂದ ಹೊಗೆಯಂತೆ ತುಂತುರು ಏಳುತ್ತಿರುವದು. ದಡದಲ್ಲಿ ಚಾಲುಕ್ಯಶೈಲಿಯ ಮಹಾಲಿಂಗೇಶ್ವರನ ಗುಡಿ. ನದಿಗೆ ಅಡ್ಡವಾಗಿ ಸುಮಾರು 200 ಮೀಟರು ಉದ್ದದ ತೂಗುಸೇತುವೆ. ಪಕ್ಕದಲ್ಲಿ ನೂಲಿನ ಗಿರಣಿ. ಈ ನೀರಿನ ಬಲವನ್ನು 1887ರಷ್ಟು ಹಿಂದೆಯೇ ಗಿರಣಿಯ ಕೆಲಸಕ್ಕೆ ಹೂಡಿದರು. ಮೈಸೂರು ಸೀಮೆಯ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದು ಅದಕ್ಕೂ 15 ವರ್ಷಗಳ ತರುವಾಯ, 1902ರಲ್ಲಿ. "ನೀರು ಎಷ್ಟೇ ಜೋರಿನಿಂದ ಬೀಳಲಿ, ಅದಕ್ಕೆ ತಕ್ಕ ಗಾಲಿ ಇಲ್ಲದಿದ್ದರ ಒಂದು ಎಳೆ ನೂಲೂ ಆಗೂದಿಲ್ಲ" ಎಂದು ಭಾವನವರು ಈ ಸ್ಥಳದಲ್ಲಿ ನಿಂತು ಹೇಳುತ್ತಿದ್ದುದು ನೆನಪಾಯಿತು. ಆ ಮಾತಿನ ಇನ್ನೊಂದು ಅರ್ಥವು ಮರುದಿನ ನನಗೆ ತಿಳಿಯಲಿಕ್ಕಿತ್ತು.

ಮನೆಯ ಪಡಸಾಲೆಯಲ್ಲಿ ಯಂತ್ರವನ್ನು ಬಿಚ್ಚಿಟ್ಟುಕೊಂಡು ಅಳಿಯನು ಕುಳಿತಿದ್ದನು. ಅದು 486 ಎಂಬ ಜಾತಿಯದು. ಇಂಟೆಲ್ ಕಂಪನಿಯವರು 1989ರಲ್ಲಿ ಈ ಜಾತಿಯನ್ನು ಹೊರತಂದು, ಕಾರಖಾನೆಗಳ ಉಪಯೋಗಕ್ಕೆಂದು 2007ರ ವರೆಗೂ ತಯಾರಿಸುತ್ತಲಿದ್ದರು. ಇದರ ಸ್ಮರಣಶಕ್ತಿಯು ಕೇವಲ 16 ಮೆಗಾಬೈಟು. ಈಗಿನ ಅಗ್ಗದ ಮೊಬೈಲಿನಲ್ಲಿ ಸಹ ಅದರ ಇನ್ನೂರೈವತ್ತು ಪಾಲು ಇರುತ್ತದೆ. ಒಳಗಿನ ಬ್ಯಾಟರಿಯು ಸತ್ತುಹೋಗಿ, ಅದರ ಗಡಿಯಾರವು 1980ನೆಯ ಇಸವಿಯ ಜನವರಿ 1 ಎಂದು ತೋರಿಸುತ್ತಿತ್ತು. ಡಿಸ್ಕು ತಿರುಗುತ್ತಿತ್ತು, ಆದರೆ ಯಾವ ಬರಹ ಎಲ್ಲಿದೆ ಎಂಬ ಅನುಕ್ರಮಣಿಕೆಯ ಭಾಗವು ಕೆಟ್ಟಿತ್ತು.

"ಡಿಸ್ಕನ್ನು ಬಿಚ್ಚಿ ನಿನ್ನ ಹೊಸ ಯಂತ್ರಕ್ಕೆ ಜೋಡಿಸಬಾರದೇ?" ಎಂದು ನಾನು ಕೇಳಿದೆನು. ಅದನ್ನು ಆತನು ಮೊದಲೇ ಮಾಡಿ ನೋಡಿದ್ದನು. ಈ ಕಾಲದ ಜೋಡಣೆಯ ಸಾಧನಗಳಿಗೆ ಅಷ್ಟು ಹಳೆಯ ಡಿಸ್ಕಿನ ಲೆಕ್ಕದ ರೀತಿಯು ತಿಳಿಯುವದಿಲ್ಲವಂತೆ. ಫ್ಲಾಪಿಗಳ ಮೇಲೆ ಇಳಿಸೋಣವೆಂದರೆ, ಅನುಕ್ರಮಣಿಕೆ ಕೆಟ್ಟುದರಿಂದ ಡಿಸ್ಕಿನ 170 ಮೆಗಾಬೈಟುಗಳನ್ನೂ ಇದ್ದಕ್ಕಿದ್ದಂತೆ ನಕಲು ಮಾಡಿಕೊಳ್ಳಬೇಕು. ಅದಕ್ಕೆ ನೂರಿಪ್ಪತ್ತರ ಸಮೀಪ ಫ್ಲಾಪಿಗಳು ಬೇಕು. ಸೋನಿ ಕಂಪನಿಯವರು ಅವುಗಳ ತಯಾರಿಕೆಯನ್ನು 2011ರಲ್ಲಿಯೇ ನಿಲ್ಲಿಸಿಬಿಟ್ಟರು; ಇವನ ಹತ್ತಿರ ಇದ್ದವು ಐದು. ಆದುದರಿಂದ ಹಳೆಯ ಯಂತ್ರವನ್ನೇ ಎಬ್ಬಿಸಿ, ಅದರ ಬಾಯಿಂದಲೇ ಹೇಳಿಸಿ, ತಂತಿಯ ಮೂಲಕ ಹೊಸದರಲ್ಲಿ ಬರೆದುಕೊಳ್ಳುವದೊಂದೇ ಉಪಾಯವು ಉಳಿಯಿತು.

ಇಲ್ಲಿ 'ಕರ್ನೆಲ್' ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ದೊಡ್ಡ ವಾಡೆಯಲ್ಲಿ ಯಜಮಾನನಿಗೂ ಆಳುಕಾಳುಗಳಿಗೂ ನಡುವೆ ಒಬ್ಬ ಕಾರಭಾರಿ ಇರುವನಷ್ಟೆ. ಉಗ್ರಾಣದ ಕೀಲಿ ಯಾರಲ್ಲಿದೆ, ಯಾವ ಆಳಿಗೆ ಯಾವ ಮಾತು ತಿಳಿಯುತ್ತದೆ ಎಂಬುದೆಲ್ಲವೂ ಆತನಿಗೆ ಗೊತ್ತು. ಕಂಪ್ಯೂಟರಿನಲ್ಲಿ ಡಿಸ್ಕು, ಕೀಲಿಮಣೆ, ಪರದೆ ಮೊದಲಾದ ಅಂಗಗಳಿಗೂ ನಾವು ಮಾಡುವ ಕೆಲಸಕ್ಕೂ ನಡುವೆ ನಿಂತ ಇಂಥ ಕಾರಭಾರಿಯೇ ಕರ್ನೆಲ್. ಫಿನ್ಲಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಕರ್ನೆಲನ್ನು ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ತಕ್ಕಂತೆ ಕಟ್ಟಿಕೊಳ್ಳಬಹುದು. ಕಟ್ಟುವ ಮೊದಲು ಅದು ಹತ್ತು ಸಾವಿರಕ್ಕೂ ಮಿಕ್ಕಿದ ಪ್ರಶ್ನೆಗಳನ್ನು ಮುಂದಿಡುತ್ತದೆ. ಪ್ರತಿಯೊಂದಕ್ಕೂ 'ಹೌದು', 'ಇಲ್ಲ', ಕೆಲವಕ್ಕೆ 'ಬೇಕಾದಾಗ ಕರೆಯುವೆ' ಎಂದು ಉತ್ತರ ಕೊಡಬೇಕು.

ನಮ್ಮ ಅಡಚಣಿಯೆಂದರೆ ಕಟ್ಟಿದ ಕರ್ನೆಲ್, ಅದರ ಜೊತೆಗಿನ ಚಿಕ್ಕ ಸಲಕರಣೆಗಳು, ಎಲ್ಲವೂ ಒಂದೇ ಫ್ಲಾಪಿಯ 1.44 ಮೆಗಾಬೈಟಿನಲ್ಲಿ ಹಿಡಿಯಬೇಕು. ಅಳಿಯನು 2016ನೆಯ ಇಸವಿಯ 4.4 ಎಂಬ ಆವೃತ್ತಿಯನ್ನು ಆರಿಸಿಕೊಂಡು, ಎಲ್ಲ ಪ್ರಶ್ನೆಗಳಿಗೂ 'ಇಲ್ಲ' ಎಂದು ಉತ್ತರಿಸಿ, ಆಮೇಲೆ ಒಂದೊಂದನ್ನೇ ಒಳಗೆ ಕರೆಯುತ್ತ ಹೋದನು. ಧ್ವನಿ ಬೇಡ, ಚಿತ್ರ ಬೇಡ, ಮುದ್ರಣಯಂತ್ರ ಬೇಡ. ಪರದೆಯ ಮೇಲೆ ಅಕ್ಷರ ಬೇಕು, ಹಳೆಯ ಮಾದರಿಯ ಡಿಸ್ಕು ಬೇಕು, ತಂತಿಯ ಕಾರ್ಡು ಬೇಕು. ಯಂತ್ರದ ಜಾತಿಯನ್ನು 486 ಎಂದೇ ಗುರುತಿಸಬೇಕು. ಅದರ ಮುಂದಿನ ಪೆಂಟಿಯಮ್ ಎಂದು ಬರೆದರೆ 486ಕ್ಕೆ ಬಾರದ ಆಜ್ಞೆಗಳು ಸೇರಿ ಯಂತ್ರವು ನಡುದಾರಿಯಲ್ಲಿ ನಿಂತುಬಿಡುವದು. ಕಟ್ಟುವ ಕೆಲಸವನ್ನೆಲ್ಲ ಹೊಸ ಯಂತ್ರದಲ್ಲಿ ಮುಗಿಸಿ, ಫ್ಲಾಪಿಯನ್ನು ಹಳೆಯದರಲ್ಲಿ ಇಟ್ಟಾಗ ರಾತ್ರಿ ಹತ್ತು ಗಂಟೆ.

ಫ್ಲಾಪಿಯು ಕರಕರ ಸದ್ದು ಮಾಡಿತು. ಪರದೆಯ ಮೇಲೆ ಏಳೆಂಟು ಸಾಲುಗಳು ಓಡಿದವು. ಕಡೆಯ ಸಾಲಿನಲ್ಲಿ, ಗಣಿತಾಂಗವು ಕಾಣದಾದ್ದರಿಂದ ಕೈಬಿಟ್ಟೆನೆಂದು ತಿಳಿಸಿ ಯಂತ್ರವು ಸ್ತಬ್ಧವಾಯಿತು. ಅಕ್ಕನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಮಾತಾಡದೆ ಒಳಗೆ ಹೋದಳು.

ಎರಡನೆಯ ದಿವಸ ಬೆಳಿಗ್ಗೆ ಕಾರಣವು ತಿಳಿಯಿತು. 486ರಲ್ಲಿ ಎರಡು ಬಗೆ. ನಮ್ಮದು 'ಎಸ್‌ಎಕ್ಸ್' ಎಂಬ ಕಡಿಮೆ ಬೆಲೆಯದು. ದಶಾಂಶದ ಲೆಕ್ಕಗಳನ್ನು ಮಾಡುವ ಗಣಿತಾಂಗವು ಅದರಲ್ಲಿಲ್ಲ. ಆ ಅಂಗವಿಲ್ಲದವರಿಗಾಗಿ ಅದರ ಕೆಲಸವನ್ನು ಬರಹದಿಂದಲೇ ನಡೆಸುವ ಒಂದು ಭಾಗವು ಕರ್ನೆಲಿನಲ್ಲಿದೆ. ಅದಕ್ಕೂ 'ಇಲ್ಲ' ಎಂದದ್ದೇ ತಪ್ಪಾಗಿತ್ತು. 'ಹೌದು' ಎಂದು ತಿದ್ದಿ ಮತ್ತೆ ಕಟ್ಟಿದಾಗ ಯಂತ್ರವು ಮುಂದೆ ಸಾಗಿ, ಡಿಸ್ಕನ್ನು ಗುರುತಿಸಿತು. ಆದರೆ ತಂತಿಯ ಕಾರ್ಡು ಕಾಣಲಿಲ್ಲ.

ಆ ಸಂಜೆ ಮಳೆಯು ಹೊಳವಾದುದರಿಂದ ನಾವಿಬ್ಬರೂ ಜಲಪಾತದ ಕಡೆಗೆ ಹೊರಟೆವು. ದಾರಿಯಲ್ಲಿ ಅಳಿಯನು ಒಂದು ಸಂಗತಿಯನ್ನು ಹೇಳಿದನು. ಲಿನಕ್ಸ್ ಮೊದಲು ಹುಟ್ಟಿದ್ದು 386 ಎಂಬ ಯಂತ್ರದ ಮೇಲೆ. ಆ ತಾಯಿಮನೆಗೆ ಬೇಕಾದ ಭಾಗವನ್ನೇ 2012ನೆಯ ಇಸವಿಯ ಡಿಸೆಂಬರಿನಲ್ಲಿ ತೆಗೆದುಹಾಕಿದರು. 486ರ ಭಾಗವನ್ನೂ ತೆಗೆಯಬೇಕೆಂಬ ಸೂಚನೆಯು 2025ನೆಯ ಇಸವಿಯ ಏಪ್ರಿಲಿನಲ್ಲಿ ಬಂದಿತು. ನನಗೆ ಇದು ಕೃತಘ್ನತೆಯಂತೆ ತೋರಿತು. ನಾನೆಂದೆನು: "ಪಾಣಿನಿಯ ಕಾಲಕ್ಕೆ ವೇದದ ಎಷ್ಟೋ ರೂಪಗಳು ಲೋಕದ ಮಾತಿನಿಂದ ಮರೆಯಾಗಿದ್ದವು. ಆದರೂ ಆತನು ಅವುಗಳಿಗೆ ಸೂತ್ರಗಳನ್ನು ರಚಿಸಿ, 'ಛಂದಸಿ', ಎಂದರೆ ವೇದದಲ್ಲಿ ಮಾತ್ರ, ಎಂಬ ಗುರುತನ್ನಿಟ್ಟು ಕಾಪಾಡಿದನು. ಒಂದು ಗುರುತನ್ನಿಟ್ಟು ಇವರೂ ಉಳಿಸಿಕೊಳ್ಳಬಾರದೇ?"

ಅಳಿಯನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ಪಾಣಿನಿ ಸೂತ್ರ ಬರೆದ ಮ್ಯಾಲೆ ಅದು ಬದಲಾಗಲಿಲ್ಲ. ಇದು ದಿನಾ ಬದಲಾಗೂದು. ಸುತ್ತಲಿನ ಭಾಗ ಬದಲಾದಾಗೊಮ್ಮೆ ಹಳೇದನ್ನೂ ತಿದ್ದಬೇಕು. ತಿದ್ದಿದ್ದು ಸರಿ ಅದನೋ ಇಲ್ಲೋ ಪರೀಕ್ಷೆ ಮಾಡಲಿಕ್ಕೆ ಹಳೇ ಯಂತ್ರ ಇಟ್ಟುಕೊಂಡವರು ಬೇಕು. ಅವರು ಇಲ್ಲದಿದ್ದರ, ನಡೀತದೋ ಇಲ್ಲೋ ಯಾರಿಗೂ ಗೊತ್ತಿರದ ಬರಹ ಅಲ್ಲಿ ಬಿದ್ದಿರ್ತದ. ಅಮೇರಿಕದ ಮೊಟೊರೋಲಾ ಕಂಪನಿಯ 68000 ಜಾತಿಯವು ಇನ್ನೂ ಹಳೇವು. ಅವಕ್ಕ ನೋಡಿಕೊಳ್ಳುವವರು ಇದ್ದಾರ; ಲಿನಕ್ಸಿನ್ಯಾಗ ಅವು ಉಳಿದಾವ. ನೆಟ್‌ಬಿಎಸ್‌ಡಿ ಅನ್ನೋ ಇನ್ನೊಂದು ವ್ಯವಸ್ಥೆಯವರು 1977ರ ವ್ಯಾಕ್ಸ್ ಯಂತ್ರಕ್ಕೂ ಜಾಗಾ ಕೊಟ್ಟಾರ" ಎಂದನು.

ನನಗೆ ಉತ್ತರ ತೋಚಲಿಲ್ಲ. ವಿಚಾರ ಮಾಡಿದಷ್ಟೂ ಆತನ ಮಾತೇ ಸರಿಯೆನಿಸಿತು. ವೇದದ ಅನೇಕ ಶಾಖೆಗಳು ಇಂದು ಹೆಸರಿಗೆ ಮಾತ್ರ ಉಳಿದಿವೆ. ಅವುಗಳನ್ನು ಯಾರೂ ಹಟದಿಂದ ಕೆಡಿಸಲಿಲ್ಲ. ಹೇಳಿಕೊಡುವವನೂ ಹೇಳಿಸಿಕೊಳ್ಳುವವನೂ ಇಲ್ಲದಾದಾಗ ಅವು ತಾವೇ ಹೋದವು. ಅದಲ್ಲದೆ ಕರ್ನೆಲಿನ ಹಳೆಯ ಆವೃತ್ತಿಗಳು ನಾಶವಾಗಿಲ್ಲ. ಎಲ್ಲವೂ ಜತನವಾಗಿ ಇಡಲ್ಪಟ್ಟಿವೆ. ನಾವು ಈಗ ಉಪಯೋಗಿಸುತ್ತಿದ್ದುದೂ ಅವುಗಳಲ್ಲೊಂದು. ಇಲ್ಲವಾಗುತ್ತಿರುವದು ಗ್ರಂಥವಲ್ಲ, ಅದನ್ನು ಉಪಯೋಗಿಸಲು ಬಲ್ಲವರು.

ಮೂರನೆಯ ದಿವಸವೆಲ್ಲ ತಂತಿಯ ಕಾರ್ಡಿಗಾಗಿ ಹೋಯಿತು. ಈಗಿನ ಕಾರ್ಡುಗಳು 'ನಾನು ಇಂಥವನು' ಎಂದು ತಾವೇ ಹೇಳಿಕೊಳ್ಳುತ್ತವೆ. ಆ ಕಾಲದ ಕಾರ್ಡಿಗೆ ಆ ವಿದ್ಯೆಯಿಲ್ಲ. ಅದು ಯಾವ ವಿಳಾಸದಲ್ಲಿದೆ, ಕರೆಯುವಾಗ ಯಾವ ಗಂಟೆಯನ್ನು ಬಾರಿಸುತ್ತದೆ ಎಂಬ ಎರಡು ಅಂಕಿಗಳನ್ನು ನಾವೇ ಕರ್ನೆಲಿಗೆ ತಿಳಿಸಬೇಕು. ಆ ಅಂಕಿಗಳು ಕಾರ್ಡಿನ ಮೇಲಿನ ಚಿಕ್ಕ ಕಡ್ಡಿಗಳ ಜೋಡಣೆಯಿಂದ ನಿಶ್ಚಿತವಾಗಿರುತ್ತವೆ; ಆದರೆ ಯಾವ ಜೋಡಣೆಗೆ ಯಾವ ಅಂಕಿ ಎಂಬ ಕೈಪಿಡಿಯು ನಮ್ಮಲ್ಲಿರಲಿಲ್ಲ. ಅಳಿಯನು ಊಹೆಯಿಂದ ಹಲವನ್ನು ಪ್ರಯತ್ನಿಸಿದನು. ಎರಡು ಸಾರೆ ಯಂತ್ರವು ಸಿಕ್ಕುಬಿದ್ದು ನಿಂತಿತು. ಡಿಸ್ಕಿನ ಸದ್ದೂ ಮೊದಲಿನಂತಿಲ್ಲವೆಂದು ಆತನ ಮುಖದಲ್ಲಿ ಚಿಂತೆ ಮೂಡಿತು.

ಸಂಜೆ ಚಹಾ ತಂದ ಅಕ್ಕನು, "ಅವರು ಏನು ಕೊಂಡರೂ ವಹಿಯೊಳಗ ಬರೆದಿಡ್ತಿದ್ರಲ್ಲ; ಮನೀ ಖರ್ಚಿನ ವಹಿ ನೋಡೀರೇನು?" ಎಂದಳು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ದೇವರ ಮನೆಯ ಮಾಡದಲ್ಲಿದ್ದ 1998ರ ಖರ್ಚಿನ ವಹಿಯನ್ನು ತೆಗೆದು ನೋಡಲು, ಕಂಪ್ಯೂಟರಿನ ಬೆಲೆ, ಸಾಗಾಣಿಕೆಯ ಬಾಡಿಗೆ, ಇವುಗಳ ಕೆಳಗೆ ಕಾರಕೂನರ ದುಂಡಾದ ಅಕ್ಷರಗಳಲ್ಲಿ ಪ್ರತಿಯೊಂದು ಭಾಗದ ಯಾದಿ ಇದ್ದಿತು. ಕೊನೆಗೆ, 'ಜಾಲದ ಕಾರ್ಡು: 300, 10' ಎಂದು ಬರೆದಿದ್ದರು. ಆ ಎರಡು ಅಂಕಿಗಳನ್ನು ಕೊಟ್ಟ ಕೂಡಲೆ ಕಾರ್ಡಿನ ಹಸಿರು ದೀಪವು ಹೊತ್ತಿತು.

ನಕಲು ಮುಗಿಯುವಾಗ ನಾಲ್ಕನೆಯ ದಿವಸದ ನಸುಕಾಗಿತ್ತು. ಡಿಸ್ಕಿನಲ್ಲಿ ಕೆಲವು ಕಡೆ ಓದಲಾಗದ ಕಲೆಗಳಿದ್ದವು. ಅವುಗಳನ್ನು ದಾಟಿ ಉಳಿದುದೆಲ್ಲವೂ ಬಂದಿತು. ಭಾವನವರು ಬಳಸಿದ್ದ ಕನ್ನಡದ ತಂತ್ರಾಂಶವು ಅಕ್ಷರಗಳನ್ನು ಇಸ್ಕಿ ಎಂಬ ಭಾರತೀಯ ಮಾನಕದಂತೆ ಇಟ್ಟಿದ್ದುದು ನಮ್ಮ ಭಾಗ್ಯ. 1991ರಲ್ಲಿ ಪ್ರಕಟವಾದ ಆ ಮಾನಕದ ಕೋಷ್ಟಕವು ಎಲ್ಲರಿಗೂ ದೊರೆಯುವಂತಿದ್ದುದರಿಂದ ಅಕ್ಷರಗಳನ್ನು ಈಗಿನ ಯೂನಿಕೋಡಿಗೆ ತಿರುಗಿಸುವದು ಒಂದು ತಾಸಿನ ಕೆಲಸವಾಯಿತು. ಸೆಳವು, ಮಡು, ಕೂರಿಗೆ, ಕುಂಟೆ, ಹಾಸು, ಹೊಕ್ಕು ಎಂದು ಶಬ್ದಗಳು ಸಾಲುಗಟ್ಟಿ ಬಂದವು.

'ಲ'ಕಾರವು ಮಾತ್ರ ಪೂರ್ತಿಯಾಗಿ ಹೋಗಿತ್ತು. ಕನ್ನಡದಲ್ಲಿ ಲಕಾರದಿಂದ ಆರಂಭವಾಗುವ ಮಾತುಗಳು ಸ್ವಲ್ಪವೇ ಆದುದರಿಂದ ಒಂದು ಕಲೆಯೊಳಗೆ ಎಲ್ಲವೂ ಅಡಗಿದ್ದವು. ಅಳಿಯನು ಅದನ್ನು ಹೇಳಿದಾಗ ಅಕ್ಕನು ಹತ್ತಿರ ಬಂದು ಕುಳಿತಳು. "ರಾತ್ರಿ ಬರೆದದ್ದನ್ನ ನನಗ ಓದಿ ತೋರಿಸ್ತಿದ್ರು. ಬರಕೋ, ಹೇಳ್ತೀನಿ. ಲಡಿ, ನೂಲಿಂದು. ಲಾಳಿ, ಮಗ್ಗದಾಗ ಅತ್ತಿತ್ತ ಓಡೂದು. ಲಾವಣಿ, ಅದು ಹಾಡೂ ಹೌದು, ಹೊಲದ್ದೂ ಹೌದು" ಎಂದು ಒಂದೊಂದನ್ನೇ ನೆನೆದು ಹೇಳತೊಡಗಿದಳು. ಅಳಿಯನು ಬರೆದುಕೊಳ್ಳುತ್ತ ಹೋದನು. ನಾನು ಊರಿಗೆ ಹೊರಡುವ ಹೊತ್ತಿಗೆ ಹತ್ತೊಂಬತ್ತು ಶಬ್ದಗಳು ಆಗಿದ್ದವು.

ಕಡೆಯಲ್ಲಿ ವಾಚಕರಲ್ಲಿ ಒಂದು ವಿನಂತಿ. ತಮ್ಮ ಮನೆಗಳ ಅಟ್ಟದಲ್ಲಿಯೂ ಇಂಥ ಯಂತ್ರಗಳು, ಫ್ಲಾಪಿಗಳು ಇರಬಹುದು. ಹಿರಿಯರ ಪತ್ರಗಳೋ ಲೆಕ್ಕಗಳೋ ಲೇಖನಗಳೋ ಅವುಗಳಲ್ಲಿದ್ದರೆ ಡಿಸ್ಕು ತಿರುಗುವಷ್ಟು ದಿನವೇ, ಬಲ್ಲವರು ಸಿಕ್ಕುವಷ್ಟು ದಿನವೇ ಇಳಿಸಿಕೊಳ್ಳಿರಿ. ಯಂತ್ರದ ಭಾಗಗಳ ಯಾದಿಯನ್ನು ಕಾಗದದ ಮೇಲೆ ಬರೆದಿಡಿರಿ. ಮನೆಯ ಹಿರಿಯರನ್ನೂ ಒಂದು ಮಾತು ಕೇಳಿರಿ. ಕಳೆದ ವಾರ ಅಕ್ಕನು ಮತ್ತೆ ಫೋನು ಮಾಡಿದ್ದಳು. ಲಕಾರದ ಶಬ್ದಗಳು ಈಗ ಇಪ್ಪತ್ತಾರಾಗಿವೆ.